ಕ್ಯಾರವಾನಿಗೆ ಅರ್ಥ್ ಎರಡು

ಮಾನ್ಯ ಸಂಪಾದಕರೇ,

ಎರಡು ವಾರದ ಹಿಂದೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಕ್ಯಾರವಾನ್, ಅಂದರೆ ಮಲಗಲು, ಅಡುಗೆಗೆ ಒಳಗೇ ಜಾಗ ಇರುವ ಗಾಡಿಯ ಪ್ರವಾಸದ ಬಗ್ಗೆ ಒಂದು ಪುಟ ಬಂದಿತ್ತು. ಚೆನ್ನಾಗಿತ್ತು. ರಂಗನತಿಟ್ಟಿನ ಹಕ್ಕಿ, ಮೇಲುಕೋಟೆಯ ಪುಳಿಯೋಗರೆ, ಕೆಆರ್‌ಎಸ್ ಹಿನ್ನೀರಿನ ಸಂಜೆ, ಎಲ್ಲ ಇತ್ತು. ಗಾಡಿಯೊಳಗೆ ಹಾಸಿಗೆ ಹೇಗೆ ಮಡಚುತ್ತಾರೆ, ಒಲೆ ಎಲ್ಲಿ ಇಡುತ್ತಾರೆ ಅನ್ನೋದಕ್ಕೂ ಜಾಗ ಕೊಟ್ಟಿದ್ದೀರಿ. ಆ ಫ್ರಿಜ್ಜು, ಫ್ಯಾನು, ಲೈಟು ಯಾವುದರ ಮೇಲೆ ಓಡುತ್ತವೆ ಅನ್ನೋದರ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಬರೆದವರನ್ನು ದೂರುತ್ತಿಲ್ಲ. ವೈರು ಪ್ಲೈವುಡ್ ಹಿಂದೆ ಇರುತ್ತದೆ, ಯಾರಿಗೂ ಕಾಣುವುದಿಲ್ಲ. ಕಾಣದೆ ಇರೋದರಿಂದಲೇ ನಮ್ಮಂಥವರ ಹೊಟ್ಟೆ ತುಂಬುತ್ತಿದೆ.

ನಾನು ಮಂಡ್ಯದಲ್ಲಿ ಹಳೇ ಬೆಂಗಳೂರು–ಮೈಸೂರು ರಸ್ತೆ ಬದಿ ಗಾಡಿ ವೈರಿಂಗ್ ಅಂಗಡಿ ಇಟ್ಟುಕೊಂಡವನು. ಹದಿನಾರನೇ ವಯಸ್ಸಿಗೆ ಸೋದರಮಾವನ ಕೈಕೆಳಗೆ ಸೇರಿದೆ. ಈಗ ಅಕ್ಕನ ಮಗ ನನ್ನ ಕೈಕೆಳಗಿದ್ದಾನೆ. ಲಾರಿ, ಟೆಂಪೋ, ಟ್ರಾಕ್ಟರು, ಡೈನಮೋ, ಸೆಲ್ಫ್ ಮೋಟಾರು ನಮ್ಮ ಕಸುಬು. 2023ರಲ್ಲಿ ಹೊಸ ಹೆದ್ದಾರಿ ಶುರುವಾದ ಮೇಲೆ ದೂರದ ಗಾಡಿಗಳು ಊರೊಳಗೆ ಬರುವುದು ಕಡಿಮೆಯಾಯಿತು. ಕಬ್ಬು ಅರೆಯುವ ಕಾಲದಲ್ಲಿ ಟ್ರಾಕ್ಟರು ಬರುತ್ತವೆ, ಮಿಕ್ಕ ದಿನ ಸುಮ್ನೆ ಪೇಪರ್ ಓದುತ್ತೇನೆ. ಹಾಗಾಗಿ ನಿಮ್ಮ ಪುರವಣಿಯನ್ನು ಪೂರ್ತಿ ಓದಿದೆ. ಓದುತ್ತಾ ಕಳೆದ ದಸರಾ ರಜೆಯಲ್ಲಿ ನನ್ನ ಅಂಗಡಿಗೆ ಬಂದ ಒಂದು ಕ್ಯಾರವಾನ್ ನೆನಪಾಯಿತು. ಅದನ್ನು ಹೇಳಲೇಬೇಕು.

ಮೈಸೂರಿನ ಗಂಡ ಹೆಂಡತಿ. ಇಬ್ಬರೂ ಕೆಲಸದಿಂದ ನಿವೃತ್ತಿಯಾದವರು. ಉದ್ದನೆಯ ವ್ಯಾನೊಂದನ್ನು ಕೊಂಡು, ಒಳಗೆ ಮರಗೆಲಸ ಮಾಡಿಸಿ, ಅಡುಗೆ ಕಟ್ಟೆ, ಮಂಚ, ಫ್ರಿಜ್ಜು ಎಲ್ಲ ಕೂರಿಸಿದ್ದರು. ಅಂದವಾಗಿತ್ತು. ನಮ್ಮ ಮನೆಯ ಅಡುಗೆಮನೆಗಿಂತ ಅಚ್ಚುಕಟ್ಟು ಅಂದರೆ ನನ್ನ ಹೆಂಡತಿ ಬೇಜಾರು ಮಾಡಿಕೊಳ್ಳಬಾರದು. ಅವರ ತಕರಾರು ಎರಡು. ಫ್ರಿಜ್ಜು ಹತ್ತು ನಿಮಿಷ ಓಡಿ ತಾನಾಗಿ ನಿಲ್ಲುತ್ತದೆ. ಹಂಪ್ ಹಾರಿದಾಗ ಒಮ್ಮೊಮ್ಮೆ ಒಳಗಿನ ಲೈಟೆಲ್ಲ ಹೋಗುತ್ತದೆ. ಅಷ್ಟೊತ್ತಿಗೆ ಎರಡು ಅಂಗಡಿ ಸುತ್ತಿದ್ದರು. ಹೊಸ ಬ್ಯಾಟರಿ ಹಾಕಿಸಿದ್ದರು. ಒಬ್ಬರು ಫ್ರಿಜ್ಜೇ ಹಾಳಾಗಿದೆ ಅಂದಿದ್ದರಂತೆ.

"ಮೀಟರ್ ಇಟ್ಟು ನೋಡಿದ್ರು ಮೇಸ್ತ್ರಿ, ಫ್ರಿಜ್ ಹತ್ರ ಹನ್ನೆರಡೂವರೆ ವೋಲ್ಟ್ ಬರ್ತಿದೆ. ಕರೆಂಟ್ ಬರ್ತಿದ್ರೂ ಓಡಲ್ಲ ಅಂದ್ರೆ ಫ್ರಿಜ್ಜೇ ಹೋಗಿದೆ ಅಂದ್ರು" ಅಂತ ಯಜಮಾನರು ಹೇಳಿದರು.

ನಾನು ಕೇಳಿದ್ದು ಒಂದೇ. ಮೀಟರ್ ಇಟ್ಟಾಗ ಫ್ರಿಜ್ಜು ಓಡುತ್ತಿತ್ತಾ, ನಿಂತಿತ್ತಾ? ಅವರು ಹೆಂಡತಿಯ ಮುಖ ನೋಡಿದರು. "ಪ್ಲಗ್ ಕಿತ್ತಿದ್ರಲ್ವಾ?" ಅಂದರು ಆಕೆ.

ಎಡವಟ್ಟು ಇಲ್ಲೇ ಇರೋದು. ಏನೂ ಓಡದೆ ಇದ್ದಾಗ ಅಳೆದರೆ ಮೀಟರು ಸುಳ್ಳು ಹೇಳುವುದಿಲ್ಲ, ಆದರೆ ಪೂರ್ತಿ ನಿಜವನ್ನೂ ಹೇಳುವುದಿಲ್ಲ. ವೈರಿನೊಳಗೆ ಮೂವತ್ತು ಎಳೆ ಇದ್ದು ಇಪ್ಪತ್ತೊಂಬತ್ತು ಕಿತ್ತುಹೋಗಿದ್ದರೂ ಉಳಿದ ಒಂದು ಎಳೆಯ ಮೇಲೆ ಮೀಟರಿಗೆ ಹನ್ನೆರಡೂವರೆ ವೋಲ್ಟ್ ಸಿಗುತ್ತದೆ. ಮೀಟರು ಎಳೆಯುವ ಕರೆಂಟು ಅಷ್ಟು ಕಡಿಮೆ. ಅದೇ ಎಳೆಯ ಮೇಲೆ ಐದು ಆಂಪಿಯರ್ ಎಳೆದು ನೋಡಿ, ಬಂಡವಾಳ ಗೊತ್ತಾಗುತ್ತದೆ. ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯಲ್ಲಿ ನೀರು ಬಿಟ್ಟಿದ್ದಾರೆ ಅಂತ ಪೇಪರಿನಲ್ಲಿ ಬರುತ್ತದೆ. ಮೇಲಿನವರೆಲ್ಲ ತೂಬು ತೆಗೆದ ಮೇಲೆ ಮಳವಳ್ಳಿ, ಮದ್ದೂರು ಕಡೆಯ ಕೊನೇ ಗದ್ದೆಗೆ ಎಷ್ಟು ಬಂತು ಅನ್ನೋದು ಬೇರೆ ಮಾತು. ವೋಲ್ಟನ್ನೂ ಕೊನೇ ಗದ್ದೆಯಲ್ಲಿ ನಿಂತು, ನೀರು ಹರಿಯುವಾಗಲೇ ಅಳೆಯಬೇಕು.

ಫ್ರಿಜ್ಜು ಚಾಲೂ ಮಾಡಿಸಿ ಮೀಟರ್ ಇಟ್ಟೆ. ಬ್ಯಾಟರಿ ಮೇಲೆ 12.5. ಫ್ರಿಜ್ಜಿನ ಹಿಂದೆ 10.4. ಎರಡು ವೋಲ್ಟಿನ ಮೇಲೆ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಈ ಹನ್ನೆರಡು ವೋಲ್ಟಿನ ಫ್ರಿಜ್ಜುಗಳಲ್ಲಿ ಬ್ಯಾಟರಿ ಪೂರ್ತಿ ಬತ್ತಿಹೋಗದಿರಲಿ ಅಂತ ವೋಲ್ಟು ಇಳಿದರೆ ತಾನಾಗಿ ನಿಲ್ಲುವ ಏರ್ಪಾಡು ಇರುತ್ತದೆ. ಅದು ತನ್ನ ಕೆಲಸ ತಾನು ಮಾಡುತ್ತಿತ್ತು. ಫ್ರಿಜ್ಜಿಗೆ ಏನೂ ಆಗಿರಲಿಲ್ಲ.

ಎಲ್ಲಿ ಕಳೆದುಹೋಗುತ್ತಿದೆ ಅಂತ ಹುಡುಕುವುದಕ್ಕೆ ಒಂದು ಸುಲಭದ ದಾರಿ ಇದೆ. ಫ್ರಿಜ್ಜು ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಮೇಲೆ, ಇನ್ನೊಂದು ಫ್ರಿಜ್ಜಿನ ಮೈನಸ್ ಮೇಲೆ ಇಡಿ. ಎರಡೂ ಮೈನಸ್ಸೇ, ಸೊನ್ನೆ ತೋರಿಸಬೇಕು ಅಲ್ವಾ? ಹೆಚ್ಚೆಂದರೆ ಕಾಲು ವೋಲ್ಟು ಮನ್ನಿಸಬಹುದು. ಇಲ್ಲಿ ಒಂದೂವರೆ ವೋಲ್ಟು ಬಂತು. ಆಮೇಲೆ ಪ್ಲಸ್ಸಿನಿಂದ ಪ್ಲಸ್ಸಿಗೆ ಇಟ್ಟೆ. 0.6. ಲೆಕ್ಕ ಸರಿಹೋಯಿತು.

ಪ್ಲಸ್ ಕಡೆಯ ನಷ್ಟಕ್ಕೆ ಕಾರಣ ಕಣ್ಣಿಗೇ ಕಾಣುತ್ತಿತ್ತು. ಬ್ಯಾಟರಿಯಿಂದ ಫ್ರಿಜ್ಜಿಗೆ ಏಳು ಮೀಟರ್ ವೈರು, ಅದೂ ಮನೆಯ ಲೈಟಿಗೆ ಎಳೆಯುವ ಒಂದು ಚದರ ಮಿಲಿಮೀಟರಿನದು. ಮನೆಯಲ್ಲಿ ಅದು ಸಾಕು. ಅರವತ್ತು ವಾಟಿನ ಬಲ್ಬು 230 ವೋಲ್ಟಿನಲ್ಲಿ ಎಳೆಯುವುದು ಕಾಲು ಆಂಪಿಯರ್ ಚಿಲ್ಲರೆ. ಅದೇ ಅರವತ್ತು ವಾಟಿಗೆ ಹನ್ನೆರಡು ವೋಲ್ಟಿನಲ್ಲಿ ಐದು ಆಂಪಿಯರ್ ಬೇಕು. ವೋಲ್ಟು ಕಡಿಮೆಯಾದಷ್ಟೂ ವೈರು ದಪ್ಪ ಇರಬೇಕು. ಶಿವನಸಮುದ್ರ ನಮ್ಮ ಜಿಲ್ಲೆಯದೇ. 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಕಳಿಸಿದವರು ಸಾವಿರಗಟ್ಟಲೆ ವೋಲ್ಟು ಏರಿಸಿಯೇ ಕಳಿಸಿದ್ದು. ಹನ್ನೆರಡು ವೋಲ್ಟಿನಲ್ಲಿ ಕಳಿಸಲು ಹೋಗಿದ್ದರೆ ಮಳವಳ್ಳಿ ದಾಟುತ್ತಿರಲಿಲ್ಲ. ನಾಲ್ಕು ಚದರ ಮಿಲಿಮೀಟರಿನ, ಸಣ್ಣ ಎಳೆಗಳ ವೈರು ಎಳೆದೆ. ಎಳೆಗಳು ಸಣ್ಣ ಇರಲೇಬೇಕು. ಗಾಡಿ ಅಲುಗುತ್ತಲೇ ಇರುತ್ತದೆ, ದಪ್ಪ ಒಂಟಿ ಕಂಬಿ ಹಾಕಿದರೆ ತಿರುಪಿನ ಬುಡದಲ್ಲಿ ಮುರಿಯುತ್ತದೆ.

ಮೈನಸ್ ಕಡೆಯದು ಹುಡುಕಲು ಅರ್ಧ ಗಂಟೆ ಹಿಡಿಯಿತು. ಮಂಚದ ಕೆಳಗೆ, ಗಾಡಿಯ ಕಬ್ಬಿಣದ ಮೈಗೆ, ನಾವು ಬಾಡಿ ಅನ್ನೋದಕ್ಕೆ, ಒಂದು ಬೋಲ್ಟು ಹಾಕಿ ಅರ್ಥ್ ಕೊಟ್ಟಿದ್ದರು, ಅಂದರೆ ಮೈನಸ್ಸನ್ನು ಅದಕ್ಕೆ ಸೇರಿಸಿದ್ದರು. ಬೋಲ್ಟಿನ ಕೆಳಗೆ ಬಿಳಿ ಬಣ್ಣ ಹಾಗೇ ಇತ್ತು. ಕೆರೆದೇ ಇರಲಿಲ್ಲ. ಬಣ್ಣದ ಮೇಲೆ ಲಗ್ಗು (ವೈರಿನ ತುದಿಗೆ ಒತ್ತುವ ಲೋಹದ ಬಳೆ), ಲಗ್ಗಿನ ಮೇಲೆ ಕಿಲುಬು. ನಮ್ಮ ಅಜ್ಜಿ ಹಿತ್ತಾಳೆ ಚೊಂಬನ್ನು ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳಲ್ಲ, ಆ ಹಸಿರು ಕಿಲುಬೇ. ಮೇಲಿನ ಸಿಂಕಿನಿಂದ ನೀರು ತೊಟ್ಟಿಕ್ಕಿ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಬಿಚ್ಚಿ, ಉಪ್ಪುಕಾಗದದಲ್ಲಿ ಬಾಡಿಯನ್ನು ಬೆಳ್ಳಗಾಗುವವರೆಗೆ ಉಜ್ಜಿ, ಹೊಸ ಲಗ್ಗು ಒತ್ತಿ, ಬಿಗಿದು, ಮೇಲೆ ಗ್ರೀಸು ಸವರಿದೆ. ಮತ್ತೆ ಅಳೆದಾಗ ಫ್ರಿಜ್ಜಿನ ಹತ್ತಿರ 12.2. ಫ್ರಿಜ್ಜು ಸಂಜೆವರೆಗೆ ನಿಲ್ಲದೆ ಓಡಿತು.

ಮೂವತ್ತಕ್ಕೂ ಜಾಸ್ತಿ ವರ್ಷದಲ್ಲಿ ನಾನು ನೋಡಿದ ಗಾಡಿ ತಕರಾರುಗಳಲ್ಲಿ ಅರ್ಧಕ್ಕರ್ಧ ಹೀಗೇ ಅರ್ಥಿನದು. ಕಬ್ಬಿನ ಟ್ರೇಲರನ್ನೇ ನೋಡಿ. ಬಹಳ ಟ್ರೇಲರಿಗೆ ಹಿಂದೆ ಲೈಟೇ ಇರುವುದಿಲ್ಲ, ಇದ್ದರೂ ಸೋಗೆ ಮುಚ್ಚಿರುತ್ತದೆ, ಆ ಮಾತು ಬೇರೆ. ಲೈಟಿರುವ ಟ್ರೇಲರಿನಲ್ಲಿ ಬ್ರೇಕು ಒತ್ತಿದರೆ ಇಂಡಿಕೇಟರು ಮಂಕಾಗಿ ಉರಿಯುತ್ತದೆ. ರೈತರು ಬಲ್ಬು ಬದಲಾಯಿಸುತ್ತಾರೆ, ಸ್ವಿಚ್ಚು ಬದಲಾಯಿಸುತ್ತಾರೆ. ಬಲ್ಬಿನದೇನೂ ತಪ್ಪಿಲ್ಲ. ಕರೆಂಟಿಗೆ ವಾಪಸ್ಸು ಹೋಗಲು ದಾರಿ ಇಲ್ಲ, ಪಕ್ಕದ ಬಲ್ಬಿನ ಮನೆ ನುಗ್ಗಿ ಅಲ್ಲಿಂದ ಹೋಗುತ್ತಿದೆ ಅಷ್ಟೆ. ಅರ್ಥ್ ವೈರು ಬಿಗಿದರೆ ಮುಗಿಯಿತು.

ಈಗ ಹಂಪಿನ ಕಥೆ. ಫ್ಯೂಸ್ ಡಬ್ಬಿ ತೆಗೆದೆ. ಎದೆ ಝಲ್ಲೆಂದಿತು. ಲೈಟಿನ ಜಾಗದಲ್ಲಿ ಹತ್ತು ಆಂಪಿಯರಿನ ಕೆಂಪು ಫ್ಯೂಸು ಇರಬೇಕಿತ್ತು. ಅಲ್ಲಿ ತಾಮ್ರದ ಎಳೆ ಸುತ್ತಿದ್ದರು. ಕೇಳಿದೆ. ಮೊದಲು ಹಂಪಿನಲ್ಲಿ ಕೆಂಪು ಫ್ಯೂಸು ಹೋಗುತ್ತಿತ್ತಂತೆ. ಒಂದು ಅಂಗಡಿಯಲ್ಲಿ ಮೂವತ್ತರ ಹಸಿರು ಫ್ಯೂಸು ಹಾಕಿದರು. ಅದೂ ಹೋಯಿತು. ಇನ್ನೊಂದು ಅಂಗಡಿಯಲ್ಲಿ "ಇನ್ನು ಹೋಗಲ್ಲ ಸಾರ್" ಅಂತ ತಂತಿ ಸುತ್ತಿ ಕಳಿಸಿದರು. ನಿಜ, ಇನ್ನು ಫ್ಯೂಸು ಹೋಗುವುದಿಲ್ಲ. ಗಾಡಿ ಹೋಗುತ್ತದೆ. ಫ್ಯೂಸು ಇರುವುದು ಬಲ್ಬು ಉಳಿಸುವುದಕ್ಕಲ್ಲ, ವೈರು ಉಳಿಸುವುದಕ್ಕೆ. ವೈರು ಎಷ್ಟು ತಡೆಯುತ್ತದೋ ಫ್ಯೂಸು ಅದಕ್ಕಿಂತ ಮೊದಲು ಸಾಯಬೇಕು. ಅದು ಸಾಯುತ್ತಾ ಇದೆ ಅಂದರೆ ಏನೋ ಹೇಳುತ್ತಿದೆ. ನಾವು ಅದರ ಬಾಯಿಗೆ ಬಟ್ಟೆ ತುರುಕಿದ್ದೇವೆ.

ಇಂಥ ಶಾರ್ಟು ಹಿಡಿಯುವುದಕ್ಕೆ ನನ್ನ ಮಾವ ಕಲಿಸಿದ ಒಂದು ಉಪಾಯ ಇದೆ. ಮೀಟರೂ ಬೇಡ. ಲಾರಿಯ ಬ್ರೇಕ್ ಲೈಟಿನ ಹನ್ನೆರಡು ವೋಲ್ಟಿನ 21 ವಾಟಿನ ಬಲ್ಬು ತಗೊಂಡು ಎರಡು ವೈರು ಬೆಸೆದು, ಫ್ಯೂಸು ಇರುವ ಜಾಗಕ್ಕೆ ಸಿಗಿಸಿ. ಗಾಡಿಯ ಲೈಟುಗಳ ಸ್ವಿಚ್ಚೆಲ್ಲ ಆಫ್ ಮಾಡಿ. ಎಲ್ಲ ಸರಿಯಿದ್ದರೆ ಬಲ್ಬು ಉರಿಯುವುದಿಲ್ಲ. ಶಾರ್ಟು ಇದ್ದರೆ ಬೆಳ್ಳಗೆ ಉರಿಯುತ್ತದೆ, ಆದರೆ ಎರಡು ಆಂಪಿಯರಿಗಿಂತ ಜಾಸ್ತಿ ಹರಿಯುವುದಿಲ್ಲ, ಏನೂ ಸುಡುವುದಿಲ್ಲ. ಬಲ್ಬು ಉರಿಯುತ್ತಿರುವಾಗ ಒಂದೊಂದೇ ಕವಲು ಬಿಚ್ಚುತ್ತಾ ಹೋಗಿ. ಯಾವುದನ್ನು ಬಿಚ್ಚಿದಾಗ ಆರುತ್ತದೋ ಕಳ್ಳ ಅಲ್ಲಿದ್ದಾನೆ.

ನಮ್ಮ ಕಳ್ಳ ಹಂಪು ಬಂದಾಗ ಮಾತ್ರ ಬರುವವನು. ಅಕ್ಕನ ಮಗನಿಗೆ ಗಾಡಿ ಹಿಂದಿನ ಬಂಪರು ಹತ್ತಿ ಕುಣಿಯಪ್ಪ ಅಂದೆ. ಅವನು ಕುಣಿದ. ಪಕ್ಕದ ಟೀ ಅಂಗಡಿಯವರು ಎದ್ದು ಬಂದು ನೋಡಿದರು. ಬಲ್ಬು ಮಿಂಚಿತು, ಆರಿತು, ಮಿಂಚಿತು. ಮೂರನೇ ಕವಲು, ಸಿಂಕಿನ ಮೇಲಿನ ಲೈಟಿನದು, ಬಿಚ್ಚಿದ ಮೇಲೆ ಅವನು ಎಷ್ಟು ಕುಣಿದರೂ ಮಿಂಚಲಿಲ್ಲ. ಅಲ್ಲಿ ಗೋಡೆಯ ಪ್ಲೈವುಡ್ಡಿಗೆ ಟವಲ್ ನೇತುಹಾಕುವ ಪುಟ್ಟ ಹಿತ್ತಾಳೆ ಕೊಕ್ಕೆ. ತಿರುಪು ಬಿಚ್ಚಿದೆ. ಒಂದೂವರೆ ಇಂಚು ಉದ್ದ. ಪ್ಲೈವುಡ್ ಅರ್ಧ ಇಂಚೂ ಇಲ್ಲ. ಉಳಿದದ್ದು ಹಿಂದಿನ ವೈರಿನ ಮೈ ಸವರಿಕೊಂಡು ಕಬ್ಬಿಣದ ಪಟ್ಟಿಗೆ ತಾಕುತ್ತಿತ್ತು. ಪ್ಲೈವುಡ್ ತುಂಡನ್ನು ಬಿಚ್ಚಿ ತಿರುಗಿಸಿದರೆ ಹಿಂದೆ ಹಳೇ ಎಂಟಾಣೆಯಷ್ಟು ಕಪ್ಪು. ಅದರ ಹಿಂದೆ ಬಿಸಿಲು ತಡೆಯಲು ತುಂಬಿದ ಫೋಮು, ಅದೂ ಕರಗಿ ಗುಳಿ ಬಿದ್ದಿತ್ತು. ಮೇಡಂ ಆ ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಈ ಕೊಕ್ಕೆ ಬೇಕು ಅಂದವಳು ನಾನೇ" ಅಂದರು. ನಾನು ಏನೂ ಹೇಳಲಿಲ್ಲ. ಕೊಕ್ಕೆ ಬೇಕು ಅನ್ನೋದು ತಪ್ಪಲ್ಲ. ಹಿಂದೆ ವೈರು ಎಲ್ಲಿ ಹೋಗಿದೆ ಅಂತ ಆ ಗಾಡಿಯಲ್ಲಿ ಒಂದು ಚೀಟಿಯೂ ಇರಲಿಲ್ಲ.

ಇಲ್ಲಿಗೆ ಮುಗಿದಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ದುಡ್ಡು ಕೊಟ್ಟು, ಥ್ಯಾಂಕ್ಸ್ ಹೇಳಿ, ಅವರು ಶ್ರೀರಂಗಪಟ್ಟಣದ ಕಡೆ ಹೊರಟರು. ಅಲ್ಲೊಂದು ತೋಟದ ಮನೆಯಲ್ಲಿ ಗಾಡಿ ನಿಲ್ಲಿಸಲು, ಅಲ್ಲಿನ ಪ್ಲಗ್ಗಿನಿಂದ ಗಾಡಿಗೆ 230 ವೋಲ್ಟಿನ ಮನೆ ಕರೆಂಟು ತಗೊಳ್ಳಲು ಜಾಗ ಗೊತ್ತು ಮಾಡಿಕೊಂಡಿದ್ದರು. ರಾತ್ರಿ ಎಂಟರ ಹೊತ್ತಿಗೆ ಫೋನು. "ಮೇಸ್ತ್ರಿ, ಬಾಗಿಲು ಮುಟ್ಟಿದ್ರೆ ಜುಮ್ ಅಂತಿದೆ. ನಮ್ಮನೆಯವರ ಕೈ ಎಳೆದ ಹಾಗಾಯ್ತು."

ಪ್ಲಗ್ಗು ಕೀಳಬೇಡಿ, ಗಾಡಿ ಮುಟ್ಟಲೇಬೇಡಿ, ತೋಟದವರಿಗೆ ಹೇಳಿ ಮೇನ್ ಆಫ್ ಮಾಡಿಸಿ ಅಂದು ಸ್ಕೂಟರ್ ಹತ್ತಿದೆ. ಹೋಗಿ ನೋಡಿದರೆ ಹುಲ್ಲಿನ ಮೇಲೆ ಗಾಡಿ, ಆಗಷ್ಟೇ ಪೈಪಿನಲ್ಲಿ ನೀರು ಬಿಟ್ಟಿದ್ದಾರೆ. ಮೇಡಂ ಕಾಲಲ್ಲಿ ಒಣಗಿದ ರಬ್ಬರ್ ಚಪ್ಪಲಿ. ಅಡುಗೆ ಮುಗಿಸಿ ಚಪ್ಪಲಿ ಬಿಟ್ಟು ಕಾಲು ತೊಳೆಯೋಣ ಅಂತಿದ್ದರಂತೆ, ಅಷ್ಟರಲ್ಲಿ ಒಳಗೆ ಕುಕ್ಕರ್ ಕೂಗಿತು ಅಂತ ಹಾಗೇ ಬಾಗಿಲ ಹಿಡಿಗೆ ಕೈ ಹಾಕಿದ್ದಾರೆ.

ಎಲ್ಲರನ್ನೂ ದೂರ ನಿಲ್ಲಿಸಿ ಮೇನ್ ಹಾಕಿಸಿದೆ. ಒದ್ದೆ ಮಣ್ಣಿಗೆ ಸ್ಕ್ರೂಡ್ರೈವರು ಚುಚ್ಚಿ, ಅದಕ್ಕೂ ಗಾಡಿಯ ಬಾಡಿಗೂ ಮೀಟರ್ ಇಟ್ಟೆ. 221 ವೋಲ್ಟು. ಮತ್ತೆ ಆಫ್ ಮಾಡಿಸಿದೆ. ಪ್ಲಗ್ಗು ಕಿತ್ತು ಕೈಗೆ ತಗೊಂಡೆ. ಮೀಟರನ್ನು ಕೂಗುವ ಕಡೆ ತಿರುಗಿಸಿ (ಎರಡು ಕಡ್ಡಿಯ ನಡುವೆ ದಾರಿ ಇದ್ದರೆ ಕೂಗುತ್ತದೆ), ಒಂದು ಕಡ್ಡಿ ಪ್ಲಗ್ಗಿನ ನ್ಯೂಟ್ರಲ್, ಅಂದರೆ ಕರೆಂಟು ವಾಪಸ್ಸು ಹೋಗುವ ಕಾಲಿಗೆ, ಇನ್ನೊಂದು ಬಾಗಿಲ ಹಿಡಿಗೆ ಇಟ್ಟೆ. ಕೂಗಬಾರದು. ಕೂಗಿತು.

ಗಾಡಿಯೊಳಗಿನ 230 ವೋಲ್ಟಿನ ಡಬ್ಬಿ ತೆಗೆದಾಗ ಕಥೆ ಪೂರ್ತಿ ಬಿಚ್ಚಿಕೊಂಡಿತು. ಯಾರೋ ನ್ಯೂಟ್ರಲನ್ನು ತಂದು ಬಾಡಿಗೆ ಬಿಗಿದಿದ್ದರು. ಯಾಕೆ ಅಂತ ನನಗೆ ಆ ಕ್ಷಣವೇ ಗೊತ್ತಾಯಿತು, ಯಾಕೆಂದರೆ ಅದು ನಮ್ಮ ಕಸುಬಿನವರ ಕೈಗುಣ. ಗಾಡಿಯಲ್ಲಿ ಮೈನಸ್ಸು ಬಾಡಿಗೆ ಹೋಗುತ್ತದೆ. ನ್ಯೂಟ್ರಲ್ ಅಂದರೆ ಮೈನಸ್ಸು ತಾನೆ? ಅದನ್ನೂ ಬಾಡಿಗೆ ಕೊಟ್ಟರಾಯಿತು. ಹೀಗೆ ಯೋಚನೆ ಮಾಡಿದ್ದಾರೆ. ಅವರನ್ನು ಬೈಯುವುದಕ್ಕೆ ನನಗೆ ಬಾಯಿಲ್ಲ. ನಾನೂ ಹುಡುಗನಾಗಿದ್ದಾಗ ಗಣೇಶನ ಹಬ್ಬಕ್ಕೆ ಬಂದ ಒಂದು ಆರ್ಕೆಸ್ಟ್ರಾ ವ್ಯಾನಿಗೆ ಹೀಗೇ ಮಾಡಿದ್ದೆ. ಹಾಡುವವನು ಮೈಕು ಹಿಡಿದು ಹಲೋ ಅನ್ನುವ ಬದಲು ಅಯ್ಯಯ್ಯಪ್ಪಾ ಅಂದ. ಜನ ನಕ್ಕರು. ಮಾವ ನನ್ನ ಕೆನ್ನೆಗೆ ಒಂದು ಬಿಟ್ಟರು.

ಮೈಸೂರಿನ ಮನೆಯಲ್ಲಿ ಪ್ಲಗ್ ಹಾಕಿದಾಗ ಗಾಡಿಯೊಳಗಿನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್ಚು) ಪದೇ ಪದೇ ಬೀಳುತ್ತಿತ್ತಂತೆ. ಬೀಳಲೇಬೇಕು. ಅದರ ಕೆಲಸ ಹೋದ ಕರೆಂಟು, ಬಂದ ಕರೆಂಟು ಎರಡನ್ನೂ ತೂಗಿ ನೋಡುವುದು. ಮೂವತ್ತು ಮಿಲಿ ಆಂಪಿಯರ್ ಆಚೀಚೆಯಾದರೂ ಬೀಳುತ್ತದೆ. ನ್ಯೂಟ್ರಲಿನ ಕರೆಂಟು ಬಾಡಿ, ಅರ್ಥ್ ಹಿಡಿದು ಅಡ್ಡದಾರಿಯಲ್ಲಿ ಹೋಗುತ್ತಿತ್ತು, ಲೆಕ್ಕ ತಪ್ಪುತ್ತಿತ್ತು. ಅದಕ್ಕೆ ಯಾರೋ ಪುಣ್ಯಾತ್ಮರು ಏನು ಮಾಡಿದ್ದರು ಗೊತ್ತಾ? ಆರ್‌ಸಿಸಿಬಿಯನ್ನೇ ಬೈಪಾಸ್ ಮಾಡಿದ್ದರು. ಫ್ಯೂಸಿಗೆ ತಂತಿ ಸುತ್ತಿದ ಕೈಯೇ ಇರಬೇಕು. ಯಾವ ಅಂಗಡಿ ಅಂತ ನಾನು ಕೇಳಲಿಲ್ಲ.

ಮನೆಯಲ್ಲಿ ಕರೆಂಟು ತರುವ ಫೇಸು, ನ್ಯೂಟ್ರಲು ಸರಿಯಾದ ತೂತಿನಲ್ಲಿದ್ದವು. ಹಾಗಾಗಿ ಬಾಡಿಗೆ ಬಂದದ್ದು ನ್ಯೂಟ್ರಲು, ಯಾರಿಗೂ ಏನೂ ಆಗಲಿಲ್ಲ. ತೋಟದ ಮನೆಯ ಪ್ಲಗ್ ಪಾಯಿಂಟಿನಲ್ಲಿ ಎರಡೂ ಅದಲು ಬದಲಾಗಿದ್ದವು. ಬಾಡಿಗೆ ಫೇಸು ಬಂದು ಕೂತಿತು. ಮೇಲಿನ ದಪ್ಪ ತೂತು ಇತ್ತಲ್ಲ, ಅರ್ಥಿನದು, ಅದರಲ್ಲಿ ಸರಿಯಾದ ಅರ್ಥ್ ವೈರು ಇದ್ದಿದ್ದರೆ ಆ ಕ್ಷಣವೇ ಢಮ್ ಅಂತ ಎಂಸಿಬಿ (ಕರೆಂಟು ಮಿತಿ ಮೀರಿದರೆ ಆಫ್ ಆಗುವ ಸ್ವಿಚ್ಚು) ಬಿದ್ದು ಎಲ್ಲರೂ ಬಚಾವು. ಪಾಯಿಂಟು ಬಿಚ್ಚಿ ನೋಡಿದೆ. ತೂತಿನ ಹಿಂದೆ ಬರೀ ತಿರುಪು. ವೈರೇ ಇಲ್ಲ. ಗಾಡಿಗೆ ರಬ್ಬರ್ ಚಕ್ರ, ನೆಲಕ್ಕೆ ದಾರಿಯಿಲ್ಲ. ಆ ದಾರಿಗೆ ಅಂತ ಇದ್ದವರು ಮೇಡಂ ಒಬ್ಬರೇ, ಅವರ ಕಾಲಲ್ಲಿ ಚಪ್ಪಲಿ.

ತೋಟದ ಹುಡುಗನನ್ನು ಕೇಳಿದೆ, ಏನಪ್ಪ ಇದಕ್ಕೆ ಅರ್ಥ್ ಎಲ್ಲಿ? "ಗಾಡಿಗೆ ಅರ್ಥ್ ಅವರ ಬಾಡೀಲೇ ಇರ್ತದಲ್ಲ ಅಣ್ಣ" ಅಂದ.

ಸಂಪಾದಕರೇ, ನಾನು ಹೇಳಬೇಕಾದ ವಿಷಯ ಇದು. ಅರ್ಥ್ ಅನ್ನೋ ಒಂದೇ ಮಾತಿನಲ್ಲಿ ನಾವು ಎರಡು ಬೇರೆ ಬೇರೆ ವಸ್ತು ಹೇಳುತ್ತಿದ್ದೇವೆ. ಗಾಡಿ ವೈರಿಂಗಿನವನಿಗೆ ಅರ್ಥ್ ಅಂದರೆ ಬ್ಯಾಟರಿಯ ಮೈನಸ್ಸು. ಅದರಲ್ಲಿ ದಿನವಿಡೀ ಕರೆಂಟು ಹರಿಯುತ್ತದೆ, ಹರಿಯಲೇಬೇಕು, ಇಲ್ಲದಿದ್ದರೆ ದೀಪ ಉರಿಯುವುದಿಲ್ಲ. ಮನೆ ವೈರಿಂಗಿನವನಿಗೆ ಅರ್ಥ್ ಅಂದರೆ ಹಸಿರು ವೈರು. ಅದರಲ್ಲಿ ಏನೂ ಹರಿಯಬಾರದು. ಕೇಡುಗಾಲಕ್ಕೆ ಅಂತ ಕಾದು ನಿಂತಿರುವುದು ಅದು. ಮಾಮೂಲಿ ಲಾರಿಯಲ್ಲಿ ಮೊದಲನೆಯದು ಮಾತ್ರ ಇದೆ. ಮನೆಯಲ್ಲಿ ಎರಡನೆಯದು ಮಾತ್ರ. ಕ್ಯಾರವಾನಿನಲ್ಲಿ ಎರಡೂ ಬಂದು ಒಂದೇ ಬಾಡಿಗೆ ಸೇರುತ್ತವೆ. ಸೇರಬೇಕಾದ್ದೇ, ಹಸಿರು ವೈರು ಬಾಡಿಗೆ ಬಿಗಿದಿರಲೇಬೇಕು. ಆದರೆ ನ್ಯೂಟ್ರಲು ಈ ಇಬ್ಬರ ಬಳಗಕ್ಕೆ ಸೇರಿದ್ದಲ್ಲ. ಹೊರಗಿನ ಪ್ಲಗ್ಗಿನಿಂದ ಓಡುವ ಗಾಡಿಯೊಳಗೆ ಅದನ್ನು ಬಾಡಿಗೆ ಮುಟ್ಟಿಸಬಾರದು. ಪತ್ರ ಉದ್ದವಾಯಿತು, ಎಲ್ಲಿ ಬೇಕಾದರೂ ಕತ್ತರಿ ಹಾಕಿ. ಈ ಒಂದು ಸಾಲು ಮಾತ್ರ ಉಳಿಸಿ.

ಕ್ಯಾರವಾನ್ ಕಟ್ಟುವಾಗ ಹನ್ನೆರಡು ವೋಲ್ಟಿನ ಕೆಲಸಕ್ಕೆ ನಮ್ಮಂಥವರನ್ನು ಕರೆಯುತ್ತಾರೆ, 230ಕ್ಕೆ ಮನೆ ಎಲೆಕ್ಟ್ರಿಷಿಯನ್ ಬರುತ್ತಾನೆ, ಇಬ್ಬರೂ ಹೋದ ಮೇಲೆ ಬಡಗಿ ಬಂದು ತಿರುಪು ಹೊಡೆಯುತ್ತಾನೆ. ಮೂವರೂ ಒಂದೇ ದಿನ ಒಂದೇ ಕಡೆ ನಿಂತು ಮಾತಾಡಿರುವುದಿಲ್ಲ. ಐಟಿಐಯಲ್ಲೂ ಎಲೆಕ್ಟ್ರಿಷಿಯನ್ ಬೇರೆ, ಮೋಟಾರ್ ಮೆಕ್ಯಾನಿಕ್ ಬೇರೆ. ಬಡಗಿಯನ್ನಂತೂ ಬಿಡಿ.

ಗಾಡಿ ಕೊಳ್ಳುವವರಿಗೆ ನನ್ನ ಮಾತು ಸಣ್ಣದು. ಹಾಸಿಗೆಯ ಬಣ್ಣ ಆರಿಸುವಾಗ ಜೊತೆಗೇ ವೈರಿಂಗಿನ ನಕ್ಷೆ ಕೇಳಿ ಇಸ್ಕೊಳ್ಳಿ. ಪ್ಲೈವುಡ್ ಮುಚ್ಚುವ ಮೊದಲು ಮೊಬೈಲಿನಲ್ಲಿ ನಾಲ್ಕು ಗೋಡೆಯ ಫೋಟೋ ತೆಗೆದುಕೊಂಡರೂ ಸಾಕು. ಯಾವ ಫ್ಯೂಸು ಯಾವುದಕ್ಕೆ, ಎಷ್ಟು ಆಂಪಿಯರಿನದು ಅಂತ ಡಬ್ಬಿಯ ಮುಚ್ಚಳದ ಮೇಲೆ ಬರೆಸಿ. ಆರ್‌ಸಿಸಿಬಿಯ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇರುತ್ತದೆ. ಪ್ಲಗ್ ಹಾಕಿದ ತಕ್ಷಣ ಅದನ್ನು ಒಂದು ಸಲ ಒತ್ತಿ, ಬೀಳದಿದ್ದರೆ ಅಲ್ಲಿಂದ ಮುಂದೆ ಏನೂ ಹಾಕಬೇಡಿ. ಹನ್ನೆರಡು ವೋಲ್ಟಿನ ತಕರಾರನ್ನು ನೀವೇ ಬಲ್ಬು ಹಿಡಿದು ಹುಡುಕಬಹುದು, ಒಳ್ಳೇ ಕಾಲಕ್ಷೇಪ. 230ರ ಡಬ್ಬಿಗೆ ಮಾತ್ರ ಲೈಸೆನ್ಸ್ ಇರುವವರನ್ನೇ ಕರೆಯಿರಿ. ನಾನು ಅಂದು ರಾತ್ರಿ ತೆಗೆದದ್ದು ನ್ಯೂಟ್ರಲ್ ಕೊಂಡಿ ಒಂದೇ. ಮಿಕ್ಕದ್ದನ್ನು ಮಾರನೇ ದಿನ ಲೈಸೆನ್ಸಿನವರೊಬ್ಬರ ಕೈಯಲ್ಲಿ ಮಾಡಿಸಿದೆ.

ತೋಟ, ರೆಸಾರ್ಟು ಇಟ್ಟುಕೊಂಡು ಕ್ಯಾರವಾನಿಗೆ ಜಾಗ ಕೊಡುವವರಿಗೆ ಮಾತ್ರ ಸ್ವಲ್ಪ ಗಟ್ಟಿಯಾಗೇ ಹೇಳಬೇಕು. ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಸೆಯುವುದು ಕ್ಯಾರವಾನ್ ಪಾಯಿಂಟು ಅಲ್ಲ. ಒಂದು ಹದಿನಾರು ಆಂಪಿಯರಿನ ಪಾಯಿಂಟು, ಮಳೆ ನೀರು ಬೀಳದ ಡಬ್ಬಿ, ಅದಕ್ಕೇ ಅಂತ ಒಂದು ಆರ್‌ಸಿಸಿಬಿ, ನೆಲಕ್ಕೆ ನಿಜವಾಗಿ ಇಳಿದ ಅರ್ಥ್. ಒಂದು ರಾತ್ರಿಗೆ ನೀವು ತಗೊಳ್ಳುವ ಬಾಡಿಗೆ ನನಗೂ ಗೊತ್ತು. ಪ್ರವಾಸೋದ್ಯಮದ ಅಧಿಕಾರಿಗಳು ಇಂಥ ಜಾಗಗಳನ್ನು ನೋಡಲು ಬಂದರೆ ಈಜುಕೊಳ ನೋಡಿದ ಮೇಲೆ ಪ್ಲಗ್ ಪಾಯಿಂಟನ್ನೂ ಒಂದು ಸಲ ಬಿಚ್ಚಿಸಿ ನೋಡಲಿ ಅಂತ ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇನ್ನು ಐಟಿಐನವರು. ಎರಡೂ ಟ್ರೇಡಿನ ಹುಡುಗರನ್ನು ಒಂದು ವಾರ ಒಂದೇ ಗಾಡಿಯ ಮುಂದೆ ಕೂರಿಸಿದರೆ ಸಾಕು. ಹೇಳಿಕೊಡಲು ಯಾರೂ ಸಿಗದಿದ್ದರೆ ನಾನು ಬರುತ್ತೇನೆ, ದುಡ್ಡು ಬೇಡ. ಆ ಪ್ಲೈವುಡ್ ತುಂಡು ಅಂಗಡಿಯ ಗೋಡೆಗೆ ಹೊಡೆದಿಟ್ಟಿದ್ದೇನೆ, ಅದನ್ನೂ ತರುತ್ತೇನೆ. ಬೆಳಿಗ್ಗೆ ಹನ್ನೊಂದರ ಮೇಲೆ ಕರೆಯಲಿ. ಅದಕ್ಕೆ ಮುಂಚೆ ಆಗಲ್ಲ, ಕಬ್ಬಿನ ಟ್ರಾಕ್ಟರುಗಳು ಬಂದಿರುತ್ತವೆ.

ಇಂತಿ,
ಒಬ್ಬ ಗಾಡಿ ವೈರಿಂಗ್ ಮೇಸ್ತ್ರಿ,
ಮಂಡ್ಯ